ನಾಯಿ ಮೈಮೇಲಿನ ಗಂಟು: ಕೈಗೆ ಸಿಕ್ಕ ಕೂಡಲೇ ತೋರಿಸಿ



ಈ ಪುಟದಲ್ಲಿ ಹಸು, ಎಮ್ಮೆಗಳ ವಿಷಯ ಓದುವುದು ನಿಮಗೆ ರೂಢಿ. ಈ ಸಲ ನಿಮ್ಮ ದನದ ಮನೆಯ ಬಾಗಿಲಲ್ಲಿ ಮಲಗುವ ನಾಯಿಯ ವಿಷಯ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಗಬ್ಬೂರಿನ ಒಬ್ಬ ಅಕ್ಕ.

ಹೋದ ಮಳೆಗಾಲದಲ್ಲಿ ಅವರ ಹಸುವಿನ ಕೆಚ್ಚಲು ಬಾವಿಗೆ ಔಷಧಿ ಕೊಡಲು ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ಅವರು ಸಂಕೋಚದಿಂದಲೇ ಕೇಳಿದರು: “ಡಾಕ್ಟರ್ರ, ನಮ್ಮ ನಾಯಿಗೆ ಎರಡು ತಿಂಗಳಾತ್ರಿ ಬೆದಿನ ಇಳಿವಲ್ದು. ರಕ್ತ ಸೋರತೈತಿ. ನಾಯಿ ಸಲುವಾಗಿ ನಿಮ್ಮನ್ನ ಹೆಂಗ ಕರೀಬೇಕಂತ ಸುಮ್ಮನಿದ್ದೆ.”

ಹೆಣ್ಣುನಾಯಿಯ ಬೆದೆ ಸಾಮಾನ್ಯವಾಗಿ ಮೂರು ವಾರದಲ್ಲಿ ಮುಗಿಯುತ್ತದೆ. ಎರಡು ತಿಂಗಳು ರಕ್ತ ಸೋರಿದರೆ ಅದು ಬೆದೆಯಲ್ಲ. ನೋಡಿದರೆ ಯೋನಿಯ ಒಳಗೆ ಹೂಕೋಸಿನಂಥ ಕೆಂಪು ಗಡ್ಡೆ ಇತ್ತು. ಅದು ಕ್ಯಾನ್ಸರ್. ಆದರೆ ಪೂರಾ ವಾಸಿಯಾಗುವ ಕ್ಯಾನ್ಸರ್. ವಾರಕ್ಕೊಂದರಂತೆ 5 ಇಂಜೆಕ್ಷನ್ ಆದ ಮೇಲೆ ಗಡ್ಡೆ ಕರಗಿತು. ಆ ನಾಯಿ ಈಗಲೂ ನನ್ನ ಬೈಕಿನ ಸದ್ದಿಗೆ ಬೊಗಳುತ್ತದೆ.

ನನ್ನದೇ ಒಂದು ತಪ್ಪು

ಎಲ್ಲ ನಾಯಿಗಳಿಗೂ ಆ ಅದೃಷ್ಟ ಇರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿ ತಮ್ಮ ನಾಯಿಯ ತೊಡೆಯ ಮೇಲಿದ್ದ ಗಂಟು ತೋರಿಸಿದ್ದರು. ಶೇಂಗಾ ಬೀಜದಷ್ಟಿತ್ತು, ಮೆತ್ತಗಿತ್ತು. ಮುಟ್ಟಿ ನೋಡಿ “ಕೊಬ್ಬಿನ ಗಂಟು, ಏನೂ ಆಗಲ್ಲ” ಎಂದೆ. ಸೂಜಿ ಹಾಕಿ ಪರೀಕ್ಷೆ ಮಾಡಲಿಲ್ಲ. ಮೂರು ತಿಂಗಳ ನಂತರ ಬಂದಾಗ ಅದು ನಿಂಬೆಹಣ್ಣಿನ ಗಾತ್ರವಾಗಿತ್ತು. ನಾಯಿ ವಾಂತಿ ಮಾಡುತ್ತಿತ್ತು, ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿತ್ತು. ಅದು ಮಾಸ್ಟ್ ಸೆಲ್ ಎಂಬ ಚರ್ಮದ ಕ್ಯಾನ್ಸರ್. ನಾಯಿ ಉಳಿಯಲಿಲ್ಲ.

ಆ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಅಂದಿನಿಂದ ನಾನು ಕೈಯಿಂದ ಮುಟ್ಟಿ ಯಾವ ಗಂಟಿಗೂ ಹೆಸರು ಹೇಳಿಲ್ಲ. ಈ ಲೇಖನದಲ್ಲಿ ನೀವು ನೆನಪಿಡಬೇಕಾದ್ದೂ ಅದನ್ನೇ. ಗಂಟು ಹುಡುಕುವುದು ನಿಮ್ಮ ಕೈ. ಅದು ಯಾವ ಗಂಟು ಎಂದು ಹೇಳುವುದು ಸೂಜಿ.

ಕೆಚ್ಚಲು ನೋಡುವ ಕೈ ನಾಯಿಯನ್ನೂ ನೋಡಲಿ

ದಿನಕ್ಕೆ ಎರಡು ಹೊತ್ತು ನೀವು ಕೆಚ್ಚಲು ಮುಟ್ಟುತ್ತೀರಿ. ಎಲ್ಲಿ ಬಿಸಿ, ಎಲ್ಲಿ ಗಟ್ಟಿ ಎಂದು ನಿಮ್ಮ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಅದೇ ಬೆರಳಿನಿಂದ ತಿಂಗಳಿಗೊಮ್ಮೆ ಐದು ನಿಮಿಷ ನಾಯಿಯ ಮೈ ಸವರಿ. ಅಮಾವಾಸ್ಯೆಯ ದಿನ ಎಂದು ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ.

ತಲೆ, ಕಿವಿ, ತುಟಿಯಿಂದ ಶುರು ಮಾಡಿ. ಕುತ್ತಿಗೆ, ಎದೆ, ಕಂಕುಳ, ಹೊಟ್ಟೆಯ ಕೆಳಭಾಗ, ಮೊಲೆಗಳ ಸಾಲು, ತೊಡೆ, ಬಾಲದ ಬುಡ, ಜನನಾಂಗ ನೋಡಿ. ಕೊನೆಗೆ ಕಾಲ್ಬೆರಳುಗಳ ಸಂದು, ಉಗುರಿನ ಬುಡ. ನಾಯಿಗೆ ರೇಬೀಸ್ ಲಸಿಕೆ ಆಗಿರಬೇಕು. ಕಚ್ಚುವ ಸ್ವಭಾವವಿದ್ದರೆ ಮನೆಯವರೊಬ್ಬರು ಹಿಡಿದುಕೊಳ್ಳಲಿ. ಗಂಟು ಸಿಕ್ಕರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮುಂದಿನ ಸಲ ದೊಡ್ಡದಾಗಿದೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತದೆ.

ಯಾವುದನ್ನು ಕಂಡರೆ ತಡ ಮಾಡಬಾರದು?

- ಶೇಂಗಾ ಬೀಜದಷ್ಟು, ಅಂದರೆ ಸುಮಾರು 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿದ್ದು, ಒಂದು ತಿಂಗಳಾದರೂ ಹೋಗದ ಗಂಟು.
- ಬೇಗ ಬೇಗ ಬೆಳೆಯುವ ಗಂಟು. ಒಂದು ದಿನ ಉಬ್ಬಿ, ಮರುದಿನ ಇಳಿದು, ಕೆಂಪಾಗಿ ತುರಿಸುವ ಗಂಟು. ಮಾಸ್ಟ್ ಸೆಲ್ ಹೀಗೆ ಆಟ ಆಡುತ್ತದೆ. ಇಳಿಯಿತೆಂದು ನಂಬಬೇಡಿ.
- ಔಷಧಿ ಹಚ್ಚಿದರೂ ಮಾಯದ ಹುಣ್ಣು. ಬಿಳಿ ಮೈಯ, ಹೊಟ್ಟೆಯ ಮೇಲೆ ಕೂದಲು ಕಡಿಮೆ ಇರುವ ನಾಯಿಗಳು ಬಿಸಿಲಲ್ಲಿ ಅಂಗಾತ ಮಲಗಿ ಮಲಗಿ ಅಲ್ಲಿ ಇಂಥ ಹುಣ್ಣು ಬರುತ್ತದೆ. ಮೂಗಿನ ಮೇಲೂ ಬರಬಹುದು.
- ಬಾಯಿಯೊಳಗೆ, ತುಟಿಯ ಮೇಲೆ, ಉಗುರಿನ ಬುಡದಲ್ಲಿ ಕಪ್ಪು ಗಂಟು. ಬಾಯಿ ನಾತ, ಜೊಲ್ಲಿನಲ್ಲಿ ರಕ್ತ. ಇದು ಮೆಲನೋಮಾ ಆಗಿರಬಹುದು. ಬಾಯಿಯದು ಶ್ವಾಸಕೋಶಕ್ಕೆ ಬೇಗ ಹರಡುತ್ತದೆ.
- ಜನನಾಂಗದಿಂದ ಅಥವಾ ಮೂಗಿನಿಂದ ಬಿಡದೆ ಸೋರುವ ರಕ್ತ.
- ಮೊಲೆಯ ಸಾಲಿನಲ್ಲಿ ಕಲ್ಲಿನಂಥ ಗಂಟು. ಇದು ಚರ್ಮದ್ದಲ್ಲ, ಹಾಲುಗ್ರಂಥಿಯದು. ಆದರೆ ಹೆಣ್ಣುನಾಯಿಗಳಲ್ಲಿ ಬಹಳ ಸಾಮಾನ್ಯ.

ಹೆದರಬೇಡಿ, ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ

ಉಣ್ಣೆ ಕಚ್ಚಿದ ಜಾಗದ ಬಾವು, ಕೀವು ತುಂಬಿದ ಕುರು, ಮರಿನಾಯಿಗಳ ಬಾಯಿಯ ನರುಲಿ, ವಯಸ್ಸಾದ ನಾಯಿಯ ಕೊಬ್ಬಿನ ಗಂಟು, ಇವು ಕ್ಯಾನ್ಸರ್ ಅಲ್ಲ. 2022ರಲ್ಲಿ ನಮ್ಮ ದನಗಳಿಗೆ ಬಂದ ಚರ್ಮಗಂಟು ರೋಗವನ್ನು ನೀವು ಮರೆತಿಲ್ಲ. ಅದು ವೈರಸ್ ರೋಗ, ದನ-ಎಮ್ಮೆಗಳದ್ದು. ನಾಯಿಯ ಗಂಟಿಗೂ ಅದಕ್ಕೂ ಸಂಬಂಧವಿಲ್ಲ.

“ನಾಯಿ ಕ್ಯಾನ್ಸರ್ ನಮಗ, ದನಕ್ಕ, ಹಾಲಿಗೆ ತಗಲತೈತೇನ್ರಿ?” ಎಂದು ಗಬ್ಬೂರಿನ ಅಕ್ಕ ಕೇಳಿದ್ದರು. ಇಲ್ಲ. ಆದರೆ ಅವರ ನಾಯಿಗೆ ಬಂದ ಗಡ್ಡೆ ಮಾತ್ರ ಒಂದು ನಾಯಿಯಿಂದ ಇನ್ನೊಂದು ನಾಯಿಗೆ ಹೋಗುತ್ತದೆ. ಕೂಡುವಾಗ, ನೆಕ್ಕುವಾಗ, ಮೂಸುವಾಗ ಕ್ಯಾನ್ಸರಿನ ಜೀವಕೋಶಗಳೇ ಅಂಟಿಕೊಳ್ಳುತ್ತವೆ. ನಾವು ಅದನ್ನು ಟಿ.ವಿ.ಟಿ. ಎನ್ನುತ್ತೇವೆ. ಸಾವಿರಾರು ವರ್ಷಗಳಿಂದ ನಾಯಿಯಿಂದ ನಾಯಿಗೆ ದಾಟುತ್ತ ಬಂದ ಗಡ್ಡೆ ಅದು. ಓಣಿ ನಾಯಿಗಳ ಜೊತೆ ತಿರುಗುವ ನಾಯಿಗೆ ಇದರ ಅಪಾಯ ಹೆಚ್ಚು.

ಸೂಜಿ ಪರೀಕ್ಷೆ ಎಂದರೇನು?

ಇಂಜೆಕ್ಷನ್ ಸೂಜಿಯನ್ನೇ ಗಂಟಿಗೆ ಚುಚ್ಚಿ ಒಂದು ಹನಿಯಷ್ಟು ತೆಗೆದು, ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಟಿ.ವಿ.ಟಿ., ಮಾಸ್ಟ್ ಸೆಲ್, ಕೊಬ್ಬಿನ ಗಂಟು ಹೆಚ್ಚಾಗಿ ಇದರಲ್ಲೇ ತಿಳಿಯುತ್ತವೆ. ತಿಳಿಯದಿದ್ದರೆ ಗಂಟಿನ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ಗದಗಿನಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಎಲ್ಲಿಗೆ ಕಳಿಸಬೇಕು, ಖರ್ಚು ಎಷ್ಟು ಎಂದು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ.

ಡಾಕ್ಟರು ಮುಟ್ಟಿ ನೋಡಿ ಸುಮ್ಮನಾದರೆ “ಸೂಜಿ ಹಾಕಿ ನೋಡ್ರಿ” ಎಂದು ನೀವೇ ಕೇಳಿ. ಇದರಲ್ಲಿ ಸಂಕೋಚ ಬೇಡ. ಅಂದು ಆ ತಾಯಿ ಕೇಳಿದ್ದರೆ ನಾನು ಹಾಕುತ್ತಿದ್ದೆ.

ಚಿಕಿತ್ಸೆ

ಟಿ.ವಿ.ಟಿ.ಗೆ ವಿನ್‌ಕ್ರಿಸ್ಟಿನ್ ಎಂಬ ಔಷಧಿ. ವಾರಕ್ಕೊಮ್ಮೆ, ಸಾಮಾನ್ಯವಾಗಿ 4ರಿಂದ 6 ಸಲ. ಹೆಚ್ಚಿನ ನಾಯಿಗಳು ಪೂರಾ ವಾಸಿಯಾಗುತ್ತವೆ. ಮೂರನೇ ವಾರಕ್ಕೆ ರಕ್ತ ನಿಂತಿತೆಂದು ಅರ್ಧಕ್ಕೆ ಬಿಡಬೇಡಿ, ಗಡ್ಡೆ ಮತ್ತೆ ಬರುತ್ತದೆ. ಈ ಔಷಧಿ ಬಂದದ್ದು ನಿಮ್ಮ ಅಂಗಳದಲ್ಲೇ ಇರುವ ನಿತ್ಯಪುಷ್ಪದ ಗಿಡದಿಂದ. ಹಾಗೆಂದು ಆ ಎಲೆ ಅರೆದು ಕುಡಿಸಬೇಡಿ, ಅದು ವಿಷ. ಇಂಜೆಕ್ಷನ್ನಿನ ಹನಿ ರಕ್ತನಾಳದ ಹೊರಗೆ ಬಿದ್ದರೂ ಮಾಂಸ ಕೊಳೆಯುತ್ತದೆ. ಅದಕ್ಕೇ ಇದನ್ನು ಡಾಕ್ಟರೇ ಕೊಡಬೇಕು.

ಉಳಿದ ಹೆಚ್ಚಿನ ಚರ್ಮದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೇ ಮೊದಲ ಮದ್ದು. ಗಂಟಷ್ಟನ್ನೇ ತೆಗೆದರೆ ಸಾಲದು, ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ತೆಗೆಯಬೇಕು. ಮಾಸ್ಟ್ ಸೆಲ್ ಆದರೆ 2ರಿಂದ 3 ಸೆಂಟಿಮೀಟರ್‌ವರೆಗೆ. ಶೇಂಗಾ ಬೀಜದಷ್ಟಿದ್ದಾಗ ಇದು ಸುಲಭ. ನಿಂಬೆಹಣ್ಣಿನಷ್ಟಾದ ಮೇಲೆ ಹೊಲಿಯಲು ಚರ್ಮವೇ ಸಾಲುವುದಿಲ್ಲ. ಉಗುರಿನ ಬುಡದ ಕ್ಯಾನ್ಸರ್ ಆದರೆ ಆ ಬೆರಳನ್ನೇ ತೆಗೆಯುತ್ತೇವೆ, ನಾಯಿ ಆರಾಮಾಗಿ ಓಡಾಡುತ್ತದೆ. ನಿಮ್ಮದು ಮುಧೋಳ ತಳಿಯಾದರೆ ಅರಿವಳಿಕೆಗೆ ಮುಂಚೆ ಹೇಳಿ. ಇಂಥ ತೆಳುಮೈಯ ಬೇಟೆನಾಯಿಗಳು ಕೆಲವು ಅರಿವಳಿಕೆಗಳಿಂದ ತಡವಾಗಿ ಎಚ್ಚರಗೊಳ್ಳುತ್ತವೆ.

ಹೊಲಿಗೆ ಬಿಚ್ಚುವ 10ರಿಂದ 14 ದಿನ ನಾಯಿಯನ್ನು ತಿಪ್ಪೆ, ಸಗಣಿಯಿಂದ ದೂರ ಕಟ್ಟಿ. ನೊಣ ಕೂತರೆ ಗಾಯಕ್ಕೆ ಹುಳು ಬೀಳುತ್ತದೆ. ನೆಕ್ಕದಂತೆ ಕುತ್ತಿಗೆಗೆ ಪಟ್ಟಿ ಹಾಕಿಸಿ.

ಎಲ್ಲೆಡೆ ಹರಡಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ನೋವು ಕಡಿಮೆ ಮಾಡುವುದಷ್ಟೇ. ಅದೂ ಚಿಕಿತ್ಸೆಯೇ. ಆದರೆ ಅಲ್ಲಿಯವರೆಗೆ ಹೋಗದಿರಲಿ.

ಇವನ್ನು ಮಾಡಬೇಡಿ

- ಸುಣ್ಣ, ಮೈಲುತುತ್ತ, ಸುಟ್ಟ ಆಯಿಲ್ ಹಚ್ಚುವುದು, ಬರೆ ಹಾಕುವುದು ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ಬೆಳೆಯುತ್ತಲೇ ಇರುತ್ತದೆ.
- ದಾರ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಹಿಸುಕುವುದು ಬೇಡ. ಮಾಸ್ಟ್ ಸೆಲ್ ಗಂಟನ್ನು ಹಿಸುಕಿದರೆ ಅದರೊಳಗಿನ ರಾಸಾಯನಿಕ ರಕ್ತಕ್ಕೆ ಸೇರಿ ನಾಯಿ ಕುಸಿದು ಬೀಳಬಹುದು.
- ಮನೆಯಲ್ಲಿರುವ ನೋವಿನ ಗುಳಿಗೆ, ದನಕ್ಕೆ ತಂದ ಇಂಜೆಕ್ಷನ್, ಉಣ್ಣೆಯ ಔಷಧಿ ನಾಯಿಗೆ ಹಾಕಬೇಡಿ. ದನದ ಪ್ರಮಾಣ ನಾಯಿಯ ಜೀವ ತೆಗೆಯುತ್ತದೆ.

ಹಾಲಿನ ಮನೆಯಲ್ಲಿ ಒಂದು ಎಚ್ಚರ

ವಿನ್‌ಕ್ರಿಸ್ಟಿನ್ ಕೊಟ್ಟ ಮೇಲೆ ಕೆಲವು ದಿನ ನಾಯಿಯ ಮಲ-ಮೂತ್ರದಲ್ಲಿ ಔಷಧಿಯ ಅಂಶ ಇರುತ್ತದೆ. ಕನಿಷ್ಠ 3 ದಿನ ನಾಯಿಯನ್ನು ಮೇವು, ಹಾಲಿನ ಕ್ಯಾನುಗಳಿಂದ ದೂರ ಕಟ್ಟಿ. ಮಲ ಎತ್ತುವಾಗ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಆ ಕೆಲಸ ಮಾಡಬಾರದು.

ತಡೆಯಲು ಆಗುವುದು

ಹೆಣ್ಣುಮರಿಗೆ ಮೊದಲ ಬೆದೆಗೆ ಮುಂಚೆಯೇ ಸಂತಾನಹರಣ ಮಾಡಿಸಿದರೆ ಮೊಲೆಯ ಕ್ಯಾನ್ಸರ್ ಬರುವುದು ತೀರ ಅಪರೂಪ. ಶಸ್ತ್ರಚಿಕಿತ್ಸೆ ಆದ ನಾಯಿ, ಗಂಡಾಗಲಿ ಹೆಣ್ಣಾಗಲಿ, ಬೆದೆಯ ಬೆನ್ನು ಹತ್ತಿ ಅಲೆಯುವುದೂ ಕಡಿಮೆ. ಆಗ ಟಿ.ವಿ.ಟಿ.ಯ ಅಪಾಯವೂ ಕಡಿಮೆ. ಬಿಳಿ ನಾಯಿಗೆ ಮಧ್ಯಾಹ್ನ ನೆರಳು ಮಾಡಿಕೊಡಿ.

ಹಸುವಿನ ಕಣ್ಣನ್ನೂ ನೋಡಿ

ಇದೇ ಜಾತಿಯ ಕ್ಯಾನ್ಸರ್ ನಿಮ್ಮ ಹಟ್ಟಿಯಲ್ಲೂ ಬರಬಹುದು. ರೆಪ್ಪೆ ಬಿಳಿ ಇರುವ ಎಚ್.ಎಫ್. ಮಿಶ್ರತಳಿ ಹಸುಗಳ ಕಣ್ಣಿನ ಒಳಮೂಲೆಯಲ್ಲಿ ಗುಲಾಬಿ ಬಣ್ಣದ ಸಣ್ಣ ಚಿಗುರು, ಬಿಡದೆ ಸುರಿಯುವ ನೀರು ಕಂಡರೆ ಕೂಡಲೇ ಹೇಳಿ. ಕಡ್ಲಿ ಕಾಳಿನಷ್ಟಿದ್ದಾಗ ತೆಗೆದರೆ ಕಣ್ಣು ಉಳಿಯುತ್ತದೆ. ತಡವಾದರೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಎತ್ತು ಪದೇ ಪದೇ ತಲೆ ಒದರಿದರೆ, ಒಂದೇ ಹೊರಳೆಯಲ್ಲಿ ರಕ್ತ ಬಂದರೆ, ಕೋಡು ವಾಲಿದರೆ ಅದು ಕೋಡಿನ ಕ್ಯಾನ್ಸರ್ ಇರಬಹುದು.

ಹಸು ಹಾಲು ಕಡಿಮೆ ಮಾಡಿದರೆ ಡೇರಿಯ ಪುಸ್ತಕದಲ್ಲಿ ಅಂದೇ ಕಾಣುತ್ತದೆ. ನಾಯಿಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ರಾತ್ರಿ ದನದ ಮನೆ ಕಾಯುವುದನ್ನಂತೂ ಅದು ಒಂದು ದಿನವೂ ಬಿಡುವುದಿಲ್ಲ. ಆದ್ದರಿಂದ ನಾಯಿ ಸಲುವಾಗಿ ಡಾಕ್ಟರನ್ನು ಹೇಗೆ ಕರೆಯುವುದು ಎಂದು ಹಿಂಜರಿಯಬೇಡಿ. ಹಸುವಿಗೆಂದು ಬಂದಾಗಲೇ ಕೇಳಿ, ಅದಕ್ಕೂ ನಾವು ಡಾಕ್ಟರೇ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ನಾಯಿಯನ್ನು ಹತ್ತಿರ ಕರೆದು ಒಮ್ಮೆ ಮೈ ಸವರಿ ನೋಡಿ.