ಹಬ್ಬದ ಓಗರ ಮತ್ತು ಪ್ರಸಾದಭಾವ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‍ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಈ ತತ್ತ್ವವನ್ನು ಕುರಿತ ವಿವೇಚನೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಪ್ರಸಾದವಾಗುವುದಕ್ಕೆ ಮೊದಲು ಅದು ಒಲೆಯ ಮೇಲೆ ಬೇಯಬೇಕು, ಒರಳಿನಲ್ಲಿ ಅರೆಯಲ್ಪಡಬೇಕು, ಯಾರದೋ ಕೈ ಸುಡಬೇಕು ಎಂಬ ಸಂಗತಿಯನ್ನು ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಅಡುಗೆಮನೆಯ ಹೊಸ್ತಿಲಲ್ಲಿಯೇ ಬಿಟ್ಟು ಬರುತ್ತಾರೆ. ಆ ಹೊಸ್ತಿಲನ್ನು ದಾಟಿ, ಹಬ್ಬದ ದಿನಗಳಲ್ಲಿ ಮನೆಯ ತಾಯಂದಿರು ಸಿದ್ಧಪಡಿಸುವ ಕೆಲವು ಪಕ್ವಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಎರಡು ಮಾತು ಪರಿಭಾಷೆಯ ಬಗ್ಗೆ. ಶರಣರ ದೃಷ್ಟಿಯಲ್ಲಿ ಲಿಂಗಾರ್ಪಿತವಾಗುವ ಮುನ್ನ ಇರುವುದು ಪದಾರ್ಥ. ಅರ್ಪಿತವಾದ ಬಳಿಕ ಅದೇ ಪ್ರಸಾದ. ವಸ್ತು ಬದಲಾಗುವುದಿಲ್ಲ, ಉಣ್ಣುವವನ ಭಾವ ಬದಲಾಗುತ್ತದೆ. ವಚನಗಳಲ್ಲಿ ಅನ್ನಕ್ಕೆ ಓಗರ, ಬೋನ ಎಂಬ ಶಬ್ದಗಳೂ, ಉಣ್ಣುವ ತಟ್ಟೆಗೆ ಪರಿಯಾಣ ಎಂಬ ಶಬ್ದವೂ ಬಳಕೆಯಾಗಿವೆ. ಹೋಳಿಗೆಯ ಒಳಗಿನ ಹೂರಣವು ಸಂಸ್ಕೃತದ ಪೂರಣವೇ. ಪಕಾರವು ಹಕಾರವಾದ ನಮ್ಮ ಭಾಷೆಯ ಇತಿಹಾಸವೂ ಆ ಸಿಹಿಯೊಡನೆ ಗಂಟಲಿಗಿಳಿಯುತ್ತದೆ.

ಇನ್ನು ಹೋಳಿಗೆ. ಬಸವ ಜಯಂತಿಯಾಗಲಿ, ಯುಗಾದಿಯಾಗಲಿ, ಮನೆಗೆ ಬೀಗರು ಬರಲಿ, ಉತ್ತರ ಕರ್ನಾಟಕದ ಮನೆಗಳಲ್ಲಿ ಮೊದಲು ಒಲೆಗೇರುವುದು ಕಡಲೆಬೇಳೆ. ಬೇಳೆ ಬೆರಳಿನಲ್ಲಿ ಅಮುಕಿದರೆ ಹಿಸುಕಿಹೋಗುವಷ್ಟು ಬೇಯಬೇಕು, ಕರಗಿ ಗಂಜಿಯಾಗಬಾರದು. ನೀರನ್ನು ಬಸಿದು, ಬೇಳೆಯ ಸರಿಸಮ ಬೆಲ್ಲವನ್ನು ಹಾಕಿ ಮತ್ತೆ ಕುದಿಸಿ, ಗಟ್ಟಿಯಾದ ಮೇಲೆ ಏಲಕ್ಕಿ, ಜಾಜಿಕಾಯಿ ಸೇರಿಸಿ, ಬಿಸಿಯಾಗಿರುವಾಗಲೇ ಅರೆಯಬೇಕು. ಆರಿದ ಬೇಳೆ ನುಣ್ಣಗಾಗುವುದಿಲ್ಲ, ಒಂದು ಕಾಳು ಉಳಿದರೂ ಲಟ್ಟಿಸುವಾಗ ಕಣಕ ಹರಿಯುತ್ತದೆ. ಹಳೆಯ ಮೈಸೂರಿನ ಕಡೆ ತೊಗರಿಬೇಳೆಯ ಹೂರಣವನ್ನು ಬಳಸಿ, ಎಣ್ಣೆ ಸವರಿದ ಬಾಳೆಯೆಲೆಯ ಮೇಲೆ ತಟ್ಟಿ ಒಬ್ಬಟ್ಟೆನ್ನುವರು. ಎರಡರಲ್ಲಿ ಯಾವುದು ಮೇಲು ಎಂಬ ವಾದಕ್ಕೆ ನಾನು ಇಳಿಯಲಾರೆ. ನನ್ನ ಮನೆಯಲ್ಲಿಯೇ ಅದು ಇತ್ಯರ್ಥವಾಗಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಬಸಿದ ಆ ನೀರು. ಅದಕ್ಕೆ ಕಟ್ಟು ಎಂದು ಹೆಸರು. ಅದನ್ನು ಚೆಲ್ಲುವ ಗೃಹಿಣಿಯನ್ನು ನಾನು ಕಂಡಿಲ್ಲ. ಹುಣಿಸೆಹುಳಿ, ಹುರಿದು ಅರೆದ ಒಣಕೊಬ್ಬರಿ, ಮಸಾಲೆ, ಒಂದು ಹಿಡಿ ಹೂರಣ ಕೂಡಿದರೆ ಅದು ಕಟ್ಟಿನ ಸಾರು. ಹೋಳಿಗೆಯ ಸಿಹಿ ಬಾಯಿ ಕಟ್ಟಿದಾಗ ಅನ್ನದ ಮೇಲೆ ಬೀಳುವ ಆ ಖಾರದ ಸಾರಿನಿಂದಲೇ ಊಟ ಮುಂದುವರಿಯುತ್ತದೆ. ಮರುದಿನ ಕುದಿಸಿದಾಗ ಅದರ ರುಚಿ ಇಮ್ಮಡಿಸುವುದೆಂದು ಬಲ್ಲವರು ಬಲ್ಲರು.

ಮಾದಲಿಯ ಸ್ವಭಾವ ಬೇರೆ. ಹೋಳಿಗೆ ಮನೆಯ ಪಂಕ್ತಿಗೆ ಹೇಳಿಸಿದ ಭಕ್ಷ್ಯವಾದರೆ, ಮಾದಲಿ ಜಾತ್ರೆಯ ಜನಸ್ತೋಮಕ್ಕೆ ಒದಗುವಂಥದು. ಗೋಧಿಗೆ ಸ್ವಲ್ಪ ಕಡಲೆಬೇಳೆ, ಸ್ವಲ್ಪ ಅಕ್ಕಿ ಬೆರೆಸಿ ತರಿಯಾಗಿ ಬೀಸಿ, ಗಟ್ಟಿಯಾಗಿ ನಾದಿ, ದಪ್ಪ ರೊಟ್ಟಿ ಮಾಡಿ ಸುಡುತ್ತಾರೆ. ಆ ರೊಟ್ಟಿಯನ್ನು ಮುರಿದು ಕುಟ್ಟಿ, ಜರಡಿ ಹಿಡಿದು, ಪುಡಿಮಾಡಿದ ಬೆಲ್ಲ, ಹುರಿದ ಗಸಗಸೆ, ಒಣಕೊಬ್ಬರಿ, ಪುಟಾಣಿ, ಏಲಕ್ಕಿ, ಶುಂಠಿ ಕಲಸಿದರೆ ಮಾದಲಿ ಸಿದ್ಧ. ಉಣ್ಣುವಾಗ ಮೇಲೆ ಹಾಲು, ತುಪ್ಪ. ನೀರಿನ ಅಂಶ ಕಡಿಮೆಯಾದ ಕಾರಣ ಹಲವು ದಿನ ಕೆಡುವುದಿಲ್ಲ. ಚೀಲದಲ್ಲಿ ತುಂಬಿ ಬಂಡಿಯಲ್ಲಿ ಒಯ್ಯಬಹುದು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳವರು ಜೋಳದ ರೊಟ್ಟಿಯನ್ನೂ ಮಾದಲಿಯನ್ನೂ ತಮ್ಮ ಮನೆಗಳಲ್ಲಿ ಮಾಡಿ ತಂದು ಒಪ್ಪಿಸುವುದನ್ನು ಕಂಡವರಿಗೆ ಈ ಗುಣದ ಮಹತ್ತ್ವ ತಿಳಿದೀತು. ಸಾವಿರಾರು ಒಲೆಗಳ ಪದಾರ್ಥ ಅಲ್ಲಿ ಒಂದೇ ರಾಶಿಯಾಗುತ್ತದೆ; ಯಾರ ರೊಟ್ಟಿ ಯಾರ ಪಾಲಿಗೆ ಬಂದಿತೆಂದು ಹೇಳಲು ಸಾಧ್ಯವಿಲ್ಲ.

ನಾಗರ ಪಂಚಮಿಯಂದು ಕರಿಯಬಾರದು, ಹೆಚ್ಚಬಾರದು ಎಂಬ ರೂಢಿ ಹಲವೆಡೆ ಇರುವುದರಿಂದ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟುಗಳು ಮುಂಚಿತವಾಗಿಯೇ ಡಬ್ಬಿ ಸೇರುತ್ತವೆ. ತವರಿಗೆ ಬಂದ ಹೆಣ್ಣುಮಗಳಿಗೆ ಆ ದಿನವಾದರೂ ಒಲೆಯ ಮುಂದೆ ಕೂರುವ ಕೆಲಸ ಕಡಿಮೆ. ಜೋಕಾಲಿಗೆ ಹೊತ್ತು ಸಿಗುತ್ತದೆ. ಬೀದರ, ಕಲಬುರಗಿ ಸೀಮೆಯ ಎಳ್ಳ ಅಮಾವಾಸ್ಯೆಯಂದು ಊರೇ ಹೊಲಕ್ಕೆ ನಡೆಯುತ್ತದೆ. ಹಸಿ ತೊಗರಿ, ಬಟಾಣಿ, ಹಸಿ ಕಡಲೆ, ನಾನಾ ಸೊಪ್ಪು ತರಕಾರಿಗಳು ಕೂಡಿದ ಭಜ್ಜಿ, ಸಜ್ಜೆಯ ರೊಟ್ಟಿ, ಗಡಿಗೆಯಲ್ಲಿ ಹುಳಿಬಂದ ಅಂಬಲಿ. ಮೊದಲ ಪಾಲು ಚರಗವಾಗಿ ಭೂಮಿಗೆ. ಬಳಿಕ ದಾರಿಹೋಕರನ್ನೂ ಕರೆದು ಉಣಿಸುವರು.

ಈ ಅಂಬಲಿಯ ಮಾತಿಗೆ ಬಂದಾಗ ನಾನು ಸ್ವಲ್ಪ ನಿಲ್ಲಬೇಕಾಗುತ್ತದೆ. ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126-1138) ತನ್ನ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಅರಮನೆಯ ಅಡುಗೆಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಅವನ ರಾಜಧಾನಿ ಕಲ್ಯಾಣ. ಕೆಲವೇ ದಶಕಗಳ ತರುವಾಯ ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಗಂಡನನ್ನು ಕಳುಹಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಸವಿದು, ಚೋಳರಾಜನ ನೈವೇದ್ಯವನ್ನು ಒಲ್ಲದೆ ಹೋದ ಕಥೆಯನ್ನು ನಾನೇ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳುತ್ತಿದ್ದವನ ನಡೆ ಹೇಗಿತ್ತೆಂಬುದನ್ನೂ ಬರೆಯುವುದು ನ್ಯಾಯ.

ಸೇವೆಯ ಆರಂಭದ ವರ್ಷಗಳಲ್ಲಿ ಒಂದು ಪಂಚಮಿಯ ದಿನ, ಊರಿನ ಅನುಕೂಲಸ್ಥರ ಮನೆಯಲ್ಲಿ ಕಡುಬಿನ ಊಟ ಮುಗಿಸಿ ಬರುತ್ತಿದ್ದೆ. ದಾರಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಕರೆದು ಕೂರಿಸಿ, ಒಂದು ಬಟ್ಟಲು ಅಂಬಲಿಯನ್ನೂ ಒಂದೇ ಒಂದು ಶೇಂಗಾ ಉಂಡಿಯನ್ನೂ ಮುಂದಿಟ್ಟರು. “ಒಂದೀಟು ಬಾಯಾಗ ಹಾಕ್ಕೋರಿ ಮಾಸ್ತರ, ನಮ್ಮ ಮನ್ಯಾಗ ಇದ್ದದ್ದು ಇಷ್ಟ ಐತ್ರಿ” ಎಂದರು. “ಈಗ ತಾನೇ ಊಟವಾಯಿತು ತಾಯಿ” ಎಂದು ಕೈಮುಗಿದು ಎದ್ದೆ. ಅದು ಸುಳ್ಳಲ್ಲ. ಆದರೆ ಅವರು ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದ ರೀತಿ, ಮರುದಿನ ಆ ಹುಡುಗ ನನ್ನತ್ತ ತಲೆಯೆತ್ತದೆ ಕುಳಿತ ರೀತಿ ಇಂದಿಗೂ ಕಣ್ಣಮುಂದಿವೆ. ಒಂದು ಗುಟುಕಿಗೆ ನನ್ನ ಹೊಟ್ಟೆಯಲ್ಲಿ ಸ್ಥಳವಿರಲಿಲ್ಲವೇ? ಆ ವರ್ಷ ಚೆನ್ನಯ್ಯನ ಕಥೆ ಬಂದಾಗ ನಾನು ಅದನ್ನು ಬೇಗಬೇಗನೆ ಓದಿ ಮುಗಿಸಿದೆ.

ಇದನ್ನು ಇಷ್ಟು ದೀರ್ಘವಾಗಿ ಹೇಳಲು ಕಾರಣವುಂಟು. ಇಂದು ಹಬ್ಬ, ಗೃಹಪ್ರವೇಶ, ಲಿಂಗದೀಕ್ಷೆಗಳ ಸತ್ಕಾರ ಗುತ್ತಿಗೆಯ ಅಡುಗೆಯವರ ಪಾಲಾಗಿದೆ. ಎಲೆಯಲ್ಲಿ ಎಷ್ಟು ಬಗೆ ಬಡಿಸಿದರೆಂಬುದೇ ಮನೆಯ ಮರ್ಯಾದೆಯ ಅಳತೆಯಾಗಿದೆ. ಇದರಿಂದ ಎರಡು ಕೇಡುಗಳಾಗಿವೆ. ಎಲೆಯಲ್ಲಿ ಅರ್ಧ ಹೋಳಿಗೆ ಬಿಟ್ಟೇಳುವುದು ಸಂಕೋಚದ ವಿಷಯವಾಗಿ ಉಳಿದಿಲ್ಲ. ಅದಕ್ಕಿಂತ ದೊಡ್ಡದು, ಹದಿನಾರು ಬಗೆ ಮಾಡಲಾರದವರು ಯಾರನ್ನೂ ಕರೆಯದಂತಾಗಿರುವುದು. ಇದ್ದದ್ದರಲ್ಲಿ ಕರೆದು ಉಣಿಸುವ ಧೈರ್ಯವನ್ನು ನಾವು ಬಡವರಿಂದ ಕಸಿದುಕೊಂಡಿದ್ದೇವೆ. ದಾಸೋಹವು ಉಳ್ಳವರ ವೈಭವವೆಂದು ಲಕ್ಕಮ್ಮನ ಪರಂಪರೆಯವರೇ ತಿಳಿದರೆ ಹೇಗೆ?

ನಮ್ಮ ಹಿರಿಯರು ಊಟವಾದ ಮೇಲೆ ಪರಿಯಾಣಕ್ಕೆ ನೀರು ಹನಿಸಿ, ಬೆರಳಿನಿಂದ ಬಳಿದು, ಆ ನೀರನ್ನು ಕುಡಿಯುತ್ತಿದ್ದರು. ನಗರದ ಮೊಮ್ಮಕ್ಕಳಿಗೆ ಇದು ನಗೆಯ ವಿಷಯ. ಪ್ರಸಾದವಾದ ಮೇಲೆ ಅಗುಳನ್ನೂ ಬಿಡಲಾಗದೆಂಬ ಭಾವ ಅಲ್ಲಿದೆಯೆಂದು ವಿವರಿಸಿದರೆ ನಗು ನಿಲ್ಲುತ್ತದೆ, ಅನುಸರಿಸುವವರು ವಿರಳ. ಅಷ್ಟಾಗದಿದ್ದರೆ, ಹಳೆಯ ಮನೆಗಳಲ್ಲಿ ಬಡಿಸುವವರು ಪಾಲಿಸುತ್ತಿದ್ದ ಕ್ರಮವನ್ನಾದರೂ ಉಳಿಸಿಕೊಳ್ಳಬಹುದು. ಹೋಳಿಗೆಯನ್ನು ಮೊದಲು ಅರ್ಧವೇ ಬಡಿಸುವರು; ತುಪ್ಪ ಹಾಕಿ, ಮುಂದಿನ ಸುತ್ತಿನಲ್ಲಿ ಮುಖ ನೋಡಿ ಕೇಳಿ ಉಳಿದರ್ಧ. ಹೂರಣ ಮಿಕ್ಕರೆ ಮರುದಿನ ಕಡುಬು. ಕಣಕ ಮಿಕ್ಕರೆ ಚಪಾತಿ, ಅದಕ್ಕೆ ನಿನ್ನೆಯ ಕಟ್ಟಿನ ಸಾರು.