ಸ್ವಲೀನ ಮಕ್ಕಳ ಶಿಕ್ಷಣ: ಗುಣಮಟ್ಟ ಅಳೆಯುವುದು ಹೇಗೆ?

ಪ್ರೆಷರ್ ಕುಕ್ಕರ್ ಕೊಳ್ಳುವಾಗ ಐ.ಎಸ್.ಐ. ಮುದ್ರೆ ನೋಡುತ್ತೇವೆ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ಕೇಳುತ್ತೇವೆ. ಆದರೆ ಸ್ವಲೀನತೆ, ಅಂದರೆ ಆಟಿಸಂ ಇರುವ ಮಗುವನ್ನು ತರಬೇತಿ ಕೇಂದ್ರಕ್ಕೆ ಸೇರಿಸುವಾಗ ಏನನ್ನು ನೋಡಬೇಕು? ಬಣ್ಣದ ಗೋಡೆ, ಆಟಿಕೆಗಳ ರಾಶಿ, ‘ಆರು ತಿಂಗಳಲ್ಲಿ ಗುಣ’ ಎಂಬ ಭರವಸೆ, ಇವು ಯಾವುವೂ ಗುಣಮಟ್ಟದ ಗುರುತಲ್ಲ.

ಅಮೆರಿಕದಲ್ಲಿದ್ದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಪ್ರಕಟಿಸಿ ಈ ಸ್ಥಿತಿಯತ್ತ ಗಮನ ಸೆಳೆದರು. ಮಾತುಕತೆ, ಒಡನಾಟಗಳಲ್ಲಿ ತೊಡಕು, ಮಾಡಿದ್ದನ್ನೇ ಮಾಡುವ ಹಂಬಲ, ಸದ್ದು, ಬೆಳಕು, ಸ್ಪರ್ಶಗಳಿಗೆ ತೀರಾ ಹೆಚ್ಚಿನ ಅಥವಾ ಕಡಿಮೆ ಪ್ರತಿಕ್ರಿಯೆ ಇದರ ಲಕ್ಷಣಗಳು. ಇದು ಮಿದುಳಿನ ಬೆಳವಣಿಗೆಯಲ್ಲಿನ ವ್ಯತ್ಯಾಸ. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆಂಬ ಹಳೆಯ ವಾದ ಸುಳ್ಳೆಂದು ತೀರ್ಮಾನವಾಗಿದೆ. ಇದನ್ನು ಹೋಗಲಾಡಿಸುವ ಔಷಧಿ ಇಲ್ಲ. ಮಗುವಿಗೆ ಮುಖ್ಯ ಆಸರೆ ಶಿಕ್ಷಣವೇ.

<b>ಸೆಕ್ರೆಟಿನ್ ಕಲಿಸಿದ ಪಾಠ</b>

ಸೆಕ್ರೆಟಿನ್ ಎಂಬ ಹಾರ್ಮೋನಿನ ಹೆಸರನ್ನು ವಿದ್ಯಾರ್ಥಿಗಳು ಜೀರ್ಣಕ್ರಿಯೆಯ ಪಾಠದಲ್ಲಿ ಓದಿರಬಹುದು. ಸಣ್ಣ ಕರುಳಿನಲ್ಲಿ ಹುಟ್ಟಿ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುವುದು ಅದರ ಕೆಲಸ. ಅದನ್ನು ಪಡೆದ ಮೂವರು ಸ್ವಲೀನ ಮಕ್ಕಳು ಸುಧಾರಿಸಿದರೆಂದು 1998ರಲ್ಲಿ ಅಮೆರಿಕದಲ್ಲಿ ವರದಿ ಬಂತು. ಅನೇಕ ಪೋಷಕರು ಅದರ ಬೆನ್ನು ಹತ್ತಿದರು. 1999ರಲ್ಲಿ 60 ಮಕ್ಕಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಲಾಯಿತು. ಒಂದು ಗುಂಪಿಗೆ ಸೆಕ್ರೆಟಿನ್, ಇನ್ನೊಂದಕ್ಕೆ ಬರಿಯ ಉಪ್ಪುನೀರಿನ ಚುಚ್ಚುಮದ್ದು. ಯಾರಿಗೆ ಯಾವುದೆಂದು ಪೋಷಕರಿಗೆ ಹೇಳಿರಲಿಲ್ಲ. ಫಲಿತಾಂಶ? ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತು, ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ!

ಮಗು ತಾನಾಗಿಯೂ ಬೆಳೆಯುತ್ತದೆ, ಆಸೆಯ ಕಣ್ಣಿಗೆ ಆ ಬೆಳವಣಿಗೆ ಮದ್ದಿನ ಫಲವಾಗಿ ಕಾಣುತ್ತದೆ. ‘ನಮ್ಮಲ್ಲಿ ಒಂದು ಮಗು ಮಾತು ಕಲಿತಿತು’ ಎಂಬ ಮಾತು ಪುರಾವೆಯಾಗದು ಎನ್ನುವುದು ಇದಕ್ಕೇ.

<b>ಅಳತೆಗೋಲುಗಳು</b>

ಹಾಗಾದರೆ ಒಳ್ಳೆಯ ಕಾರ್ಯಕ್ರಮದ ಲಕ್ಷಣವೇನು? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ 2001ರಲ್ಲಿ ಚಿಕ್ಕ ಮಕ್ಕಳಿಗಾಗಿ ಕೆಲವು ಶಿಫಾರಸು ಮಾಡಿತು. ಸ್ವಲೀನತೆಯ ಬಲವಾದ ಸಂದೇಹ ಬಂದೊಡನೆ ಶಿಕ್ಷಣ ಆರಂಭವಾಗಬೇಕು. ವಾರಕ್ಕೆ ಕನಿಷ್ಠ 25 ಗಂಟೆ, ವರ್ಷವಿಡೀ ನಡೆಯಬೇಕು. ಗುಂಪು ಚಿಕ್ಕದಿರಬೇಕು. ತಂದೆತಾಯಿಗಳಿಗೂ ತರಬೇತಿ ಬೇಕು. ಮೂರು ತಿಂಗಳಲ್ಲಿ ದಾಖಲಿಸಬಹುದಾದ ಪ್ರಗತಿ ಕಾಣದಿದ್ದರೆ ಕಲಿಸುವ ಕ್ರಮ ಬದಲಾಗಬೇಕು.

ಕೊನೆಯದು ಅತಿ ಮುಖ್ಯ. ‘ಮಾತು ಸುಧಾರಿಸಬೇಕು’ ಎಂಬುದು ಗುರಿಯಲ್ಲ, ಬರಿಯ ಆಸೆ. ‘ನೀರು ಬೇಕಾದಾಗ ಮಾತಿನಿಂದಲೋ ಚಿತ್ರ ತೋರಿಸಿಯೋ, ಹತ್ತರಲ್ಲಿ ಎಂಟು ಸಲ ತಾನಾಗಿ ಕೇಳಬೇಕು’ ಎಂಬುದು ಗುರಿ. ಅದನ್ನು ಎಣಿಸಬಹುದು, ಬರೆದಿಡಬಹುದು. ತರಗತಿಯಲ್ಲಿ ಕಲಿತದ್ದು ಮನೆಯಲ್ಲಿ, ಅಜ್ಜಿಯ ಮುಂದೆ, ಅಂಗಡಿಯಲ್ಲಿ ಬಂದಾಗಲೇ ಕಲಿಕೆ ಪೂರ್ಣ.

25 ಗಂಟೆಗಳ ತರಬೇತಿಗೆ ಹಣ ತೆರುವುದು ನಮ್ಮಲ್ಲಿ ಹೆಚ್ಚಿನವರಿಗೆ ಆಗದ ಮಾತು. ಊಟ, ಸ್ನಾನ, ಆಟಗಳ ಹೊತ್ತಿನಲ್ಲಿ ಮನೆಯವರೇ ಕಲಿಸುವ ಬಗೆಯನ್ನು ಹೇಳಿಕೊಡುವ ಕೇಂದ್ರಕ್ಕೆ ಇದರಿಂದಲೇ ಹೆಚ್ಚು ಬೆಲೆ. ಬಾಗಿಲಾಚೆ ಪೋಷಕರನ್ನು ಕೂರಿಸಿ ಒಳಗೇನು ನಡೆಯಿತೆಂದು ಹೇಳದ ಕೇಂದ್ರದ ಬಗ್ಗೆ ಎಚ್ಚರವಿರಲಿ. ಹೊಡೆದು, ಹೆದರಿಸಿ ಕಲಿಸುವ ಕಡೆ ಮಗುವನ್ನು ಬಿಡಲೇಬಾರದು.

<b>ಕಾನೂನಿನ ಬೆಂಬಲ</b>

1992ರ ಕಾಯಿದೆಯಂತೆ ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆಯೂ ಸೇರಿದೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯವೆಂದು ಪ್ರಮಾಣಪತ್ರವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ತಪಾಸಣೆ, ಮಾರ್ಗದರ್ಶನಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ಇಂಥ ಗೆಳೆಯನಿದ್ದರೆ ಆಟಕ್ಕೆ ಕರೆಯಿರಿ, ಉತ್ತರಕ್ಕೆ ಸ್ವಲ್ಪ ಕಾಯಿರಿ. ಒಡನಾಟ ಕಲಿಯಲು ಒಡನಾಡಿಗಳು ಬೇಕಲ್ಲವೇ?