ಆರು ಅಂಗುಲದ ರೆಕ್ಕೆ

ಕಡೂರಿನ ನಮ್ಮ ಬೀದಿಯಲ್ಲಿ ಒಂದು ಸುದ್ದಿ ಹಬ್ಬಿದೆ: ನಿವೃತ್ತರಾದ ಮೇಲೆ ಮೇಷ್ಟರಿಗೆ ಎರಡನೆಯ ಬಾಲ್ಯ ಬಂದಿದೆಯಂತೆ. ಸುದ್ದಿ ಪೂರ್ತಿ ಸುಳ್ಳಲ್ಲ. ಮುಂಗೋಣೆಯ ಕಿಟಕಿಯ ಪಕ್ಕದಲ್ಲಿ ಹಳೆಯ ಮೇಜು, ಅದರ ಮೇಲೆ ಹರವಿದ ಪತ್ರಿಕೆಯ ಹಾಳೆ, ಬೆರಳುದ್ದದ ಕುಂಚಗಳು, ಒಂದು ಚಿಮಟ, ಉಪ್ಪುಕಾಗದದ ಚೂರುಗಳು, ಇವುಗಳ ನಡುವೆ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಕುಳಿತ ನಾನು. ಕಂಡವರು ಬೇರೇನು ಹೇಳಿಯಾರು? ಹಾಲು ತರುವ ಹುಡುಗ ಮಾತ್ರ ಒಂದು ದಿನ ನಿಂತು ನೋಡಿ, "ಇದು ಹಾರುತ್ತದೆಯೇ ಸಾರ್?" ಎಂದು ಕೇಳಿದ. ಹಾರುವುದಿಲ್ಲವೆಂದಾಗ ಅವನ ಮುಖದಲ್ಲಿ ಮೂಡಿದ ಮರುಕವನ್ನು ನಾನು ಇನ್ನೂ ಮರೆತಿಲ್ಲ.

ನಾನು ಕಟ್ಟುತ್ತಿದ್ದುದು ಸ್ಪಿಟ್‌ಫೈರ್ ಎಂಬ ಯುದ್ಧವಿಮಾನದ ಪ್ಲಾಸ್ಟಿಕ್ ಪ್ರತಿಕೃತಿ. ಎರಡನೆಯ ಮಹಾಯುದ್ಧದ ಆ ವಿಮಾನವನ್ನು ಎಪ್ಪತ್ತೆರಡು ಪಾಲು ಕಿರಿದು ಮಾಡಿದರೆ ಏನು ಉಳಿಯುತ್ತದೋ ಅದು. ಎಪ್ಪತ್ತೆರಡು ಎಂಬ ಈ ಸಂಖ್ಯೆ ವಿಚಿತ್ರವಾಗಿ ಕಂಡರೂ ಅದರ ಹಿಂದೆ ಸರಳವಾದ ಲೆಕ್ಕವಿದೆ: ಒಂದು ಅಂಗುಲಕ್ಕೆ ಆರು ಅಡಿ. ನಿಜವಾದ ಸ್ಪಿಟ್‌ಫೈರಿನ ರೆಕ್ಕೆಯ ಹರವು 36 ಅಡಿ 10 ಅಂಗುಲ. ನನ್ನದು ಆರು ಅಂಗುಲಕ್ಕೆ ಕೊಂಚ ಹೆಚ್ಚು. ಒಳಗೆ ಕೂರಿಸಬೇಕಾದ ವೈಮಾನಿಕ ಎದ್ದು ನಿಂತರೂ ಒಂದು ಅಂಗುಲ ಮುಟ್ಟಲಾರ. ಯುದ್ಧಕಾಲದಲ್ಲಿ ಇದೇ ಪ್ರಮಾಣದಲ್ಲಿ ಮರದ ಪ್ರತಿಕೃತಿಗಳನ್ನು ಕೆತ್ತಿ ಸೈನಿಕರಿಗೆ ಶತ್ರುವಿಮಾನ ಯಾವುದು, ಮಿತ್ರವಿಮಾನ ಯಾವುದು ಎಂದು ಗುರುತಿಸಲು ಕಲಿಸುತ್ತಿದ್ದರು. 1942ರಲ್ಲಿ ಅಮೆರಿಕದ ನೌಕಾಪಡೆ ಅಂಥ 5 ಲಕ್ಷ ಪ್ರತಿಕೃತಿಗಳನ್ನು ಮಾಡಿಕೊಡುವಂತೆ ಪ್ರೌಢಶಾಲೆಗಳ ವಿದ್ಯಾರ್ಥಿಗಳನ್ನು ಕೇಳಿಕೊಂಡಿತ್ತು. ಯುದ್ಧ ಮುಗಿದ ಮೇಲೆ ಪಾಠೋಪಕರಣ ಆಟದ ಸಾಮಾನಾಯಿತು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1950ರ ದಶಕದಲ್ಲಿ ಹೊರತಂದ ಮೊಟ್ಟಮೊದಲ ವಿಮಾನವೂ ಸ್ಪಿಟ್‌ಫೈರೇ.

ಇಷ್ಟೆಲ್ಲ ವಿಮಾನಗಳಿರುವಾಗ ಸ್ಪಿಟ್‌ಫೈರನ್ನೇ ಏಕೆ ಹಿಡಿದೆನೆಂದರೆ, ಅದಕ್ಕೆ ನನ್ನ ಅಜ್ಜನವರು ಕಾರಣ. ಅವರು ಅಜ್ಜಂಪುರದ ಕಡೆಯ ಒಂದು ಹಳ್ಳಿಯ ಶ್ಯಾನುಭೋಗರು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಯುದ್ಧನಿಧಿಗೆಂದು ಹಳ್ಳಿಯಲ್ಲಿ ಹಣ ಎತ್ತುವ ಕೆಲಸ ಅವರ ಪಾಲಿಗೆ ಬಂದಿತ್ತು. ಅಜ್ಜಂಪುರದವರಿಗೆ ಯುದ್ಧವೆಂದರೆ ಎತ್ತು. ಹೈದರನ, ಟಿಪ್ಪುವಿನ ಫಿರಂಗಿಗಳನ್ನು ಎಳೆದ ಅಮೃತಮಹಲ್ ತಳಿಯ ದನಗಳು ಇಂದಿಗೂ ಅಲ್ಲಿಯ ಕಾವಲಿನಲ್ಲಿ ಮೇಯುತ್ತವೆ. ಆಕಾಶದಲ್ಲಿ ನಡೆಯುವ ಯುದ್ಧ ಅವರಿಗೆ ಹೊಸದು. "ಮಹಾರಾಜರ ಹೆಸರಿನಲ್ಲಿ ವಿಮಾನ ಕೊಳ್ಳುತ್ತಾರೆ" ಎಂದು ಅಜ್ಜ ವಿವರಿಸಿದಾಗ, ಬೆರಣಿ ತಟ್ಟಿ ಬದುಕುತ್ತಿದ್ದ ಒಬ್ಬ ಮುದುಕಿ ಸೆರಗಿನ ಗಂಟು ಬಿಚ್ಚಿ ಎಂಟಾಣೆ ಕೊಟ್ಟಳಂತೆ. ಕೊಟ್ಟು, "ಇಮಾನ ಬಂದಾಗ ಒಂದಪ ತೋರ್ಸಿ ಸ್ವಾಮಿ" ಎಂದಳಂತೆ. ಅಜ್ಜ ಆಗಲೆಂದರು. ಇದನ್ನು ಅವರು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಎಂಟಾಣೆಯ ತನಕ ನಗುತ್ತ ಬಂದು, ಆ ಮಾತಿನ ಬಳಿ ಸುಮ್ಮನಾಗುತ್ತಿದ್ದರು. ಮುದುಕಿ ಯುದ್ಧ ಮುಗಿಯುವ ಮೊದಲೇ ತೀರಿಕೊಂಡಳು. ವಿಮಾನ ಅಜ್ಜಂಪುರಕ್ಕೆ ಬರಲಿಲ್ಲ.

ಆದರೆ ವಿಮಾನ ಇದ್ದದ್ದು ನಿಜ. ಬ್ರಿಟನ್ನಿನ ವಾಯುಪಡೆಯ 129ನೆಯ ಸ್ಕ್ವಾಡ್ರನ್ 1918ರಲ್ಲಿ ಹುಟ್ಟಿ ಅದೇ ವರ್ಷ ಮುಚ್ಚಿಹೋಗಿತ್ತು. 1941ರ ಜೂನ್ ತಿಂಗಳಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡಿನಲ್ಲಿ ಅದನ್ನು ಸ್ಪಿಟ್‌ಫೈರುಗಳೊಡನೆ ಮತ್ತೆ ಕಟ್ಟಿದರು. ವೆಚ್ಚಕ್ಕೆ ಒದಗಿದ್ದು ಮೈಸೂರು ಸಂಸ್ಥಾನದ ದೇಣಿಗೆ. ಆದ್ದರಿಂದ ಅದಕ್ಕೆ 'ಮೈಸೂರು ಸ್ಕ್ವಾಡ್ರನ್' ಎಂದೇ ಹೆಸರಾಯಿತು. ಅದರ ಲಾಂಛನ ಗಂಡಭೇರುಂಡ! ನ್ಯಾಯವನ್ನು ಕಾಯುತ್ತೇನೆಂಬ ಅರ್ಥದ ಇಂಗ್ಲಿಷ್ ಮಾತು ಅದರ ಧ್ಯೇಯವಾಕ್ಯ. ಆ ಕಾಲದಲ್ಲಿ ದಾನ ಕೊಡುವವರಿಗೆಂದು ಒಂದು ಸ್ಪಿಟ್‌ಫೈರಿಗೆ 5,000 ಪೌಂಡು ಎಂದು ಬೆಲೆ ಕಟ್ಟಿದ್ದರು. ತಗಲುತ್ತಿದ್ದ ನಿಜವಾದ ವೆಚ್ಚ ಅದಕ್ಕಿಂತ ಬಹಳ ಹೆಚ್ಚು. ರೂಪಾಯಿಗೆ ಒಂದೂವರೆ ಷಿಲಿಂಗಿನ ಅಂದಿನ ದರದಲ್ಲಿ ಐದು ಸಾವಿರ ಪೌಂಡು ಎಂದರೆ 66 ಸಾವಿರ ರೂಪಾಯಿಗೂ ಮಿಗಿಲು. ಎಂಟಾಣೆಯ ಲೆಕ್ಕದಲ್ಲಿ ಒಂದು ಲಕ್ಷ ಮೂವತ್ತುಮೂರು ಸಾವಿರ ಮುದುಕಿಯರು. ಆ ಸೆರಗಿನ ಗಂಟಿನ ನಾಣ್ಯ ಈ ವಿಮಾನಕ್ಕೇ ಸಂದಿತೆಂದು ಯಾವ ಕಡತವೂ ಸಾಕ್ಷಿ ನುಡಿಯದು. ಖಜಾನೆಗೆ ಬಿದ್ದ ಹಣಕ್ಕೆ ಗುರುತಿರುವುದಿಲ್ಲ. ನನ್ನ ಅಜ್ಜ ಮಾತ್ರ ಸಂದಿತೆಂದೇ ನಂಬಿದ್ದರು.

ಪೆಟ್ಟಿಗೆ ತೆರೆದಾಗ ಕಾಣುವುದು ವಿಮಾನವಲ್ಲ. ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡ ಬೂದುಬಣ್ಣದ ತುಣುಕುಗಳು, ಮೀನಿನ ಮುಳ್ಳಿಗೆ ಅಂಟಿದ ಮಾಂಸದಂತೆ. ಅವನ್ನು ಕೈಯಿಂದ ಮುರಿಯಬಾರದು. ಚಿಕ್ಕ ಕತ್ತರಿಯಿಂದ ಕತ್ತರಿಸಿ, ಉಳಿದ ಮೊಳೆಯನ್ನು ಉಪ್ಪುಕಾಗದದಿಂದ ಉಜ್ಜಬೇಕು. ಮೊದಲು ಕಟ್ಟಬೇಕಾದ್ದು ಯಾರ ಕಣ್ಣಿಗೂ ಬೀಳದ ಭಾಗ: ವೈಮಾನಿಕನ ಗೂಡು, ಅವನ ಪೀಠ, ಮುಂದಿನ ಸಲಕರಣೆ ಹಲಗೆ. ಎರಡು ದಿನ ಕಷ್ಟಪಟ್ಟು ಆ ಹಲಗೆಯ ಮುಳ್ಳುಗಳಿಗೆ ಸೂಜಿಮೊನೆಯಿಂದ ಬಿಳಿ ಚುಕ್ಕೆ ಇಟ್ಟೆ. ಆಮೇಲೆ ಒಡಲಿನ ಎರಡು ಹೋಳುಗಳನ್ನು ಕೂಡಿಸಿ ಅಂಟು ಸವರಿ ರಬ್ಬರ್ ಸುತ್ತಿದರೆ ಅವೆಲ್ಲ ಕತ್ತಲೆಗೆ ಸೇರುತ್ತವೆ. ಈ ಅಂಟು ನಮ್ಮ ಗೋಂದಿನಂತೆ ನಡುವೆ ನಿಂತು ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಹೆಚ್ಚಾದರೆ ಬೆಸುಗೆಯ ಜೊತೆಗೆ ಬೆರಳಚ್ಚೂ ಶಾಶ್ವತವಾಗುತ್ತದೆ. ನನ್ನ ವಿಮಾನದ ಬಲಗಡೆ ನನ್ನ ಹೆಬ್ಬೆರಳು ಇಂದಿಗೂ ಇದೆ, ಬಣ್ಣದ ಕೆಳಗೆ.

ರೆಕ್ಕೆಯನ್ನು ಕೂಡಿಸುವಾಗ ಈ ವಿಮಾನವನ್ನು ರೂಪಿಸಿದ ಆರ್. ಜೆ. ಮಿಚೆಲ್ ಎಂಬಾತನ ನೆನಪಾಗದಿರದು. ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಮರುವರ್ಷ ಮಿಚೆಲ್ ತೀರಿಕೊಂಡ. ತನ್ನ ವಿಮಾನ ಯುದ್ಧಮಾಡಿದ್ದನ್ನು ಅವನು ನೋಡಲೇ ಇಲ್ಲ. ಆ ರೆಕ್ಕೆಯ ಅಂಚು ಎಲ್ಲಿಯೂ ನೆಟ್ಟಗಿಲ್ಲ, ವೀಳ್ಯದೆಲೆಯ ಅಂಚಿನಂತೆ ಬಾಗಿ ಬಾಗಿ ತುದಿ ಸೇರುತ್ತದೆ. ಬುಡದಲ್ಲಿ ಬಂದೂಕುಗಳಿಗೂ ಗಾಲಿಗಳಿಗೂ ಎಡೆಕೊಟ್ಟೂ ತೆಳ್ಳಗಿರಬೇಕಾಗಿತ್ತಾದ್ದರಿಂದ ಆ ಆಕಾರ. ಅಂದಕ್ಕೆಂದು ಮಾಡಿದ್ದಲ್ಲ, ಅಂದವಾಯಿತು. ರೆಕ್ಕೆ ಒಡಲಿಗೆ ಸೇರುವಲ್ಲಿ ಬಿರುಕು ಉಳಿಯಿತು. ಗೋಡೆಗೆ ಬಳಿಯುವವರಂತೆ ನಾನೂ ಪುಟ್ಟಿ ತುಂಬಿ ಉಜ್ಜಿದೆ, ಮತ್ತೆ ತುಂಬಿದೆ, ಮತ್ತೆ ಉಜ್ಜಿದೆ.

ಗಾಜಿನ ಮುಚ್ಚಳದಲ್ಲಿ ಎಡವಿದೆ. ಅವಸರಪಟ್ಟು ಅದಕ್ಕೆ ಬೇರೊಂದು ಬಗೆಯ, ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿದೆ. ಬೆಳಗ್ಗೆ ನೋಡಿದರೆ ಅದರ ಆವಿ ತಗಲಿ ಮುಚ್ಚಳವೆಲ್ಲ ಮಂಜುಗಟ್ಟಿದೆ, ಅಜ್ಜಿಯ ಕಣ್ಣಿನ ಪೊರೆಯಂತೆ. ಬಿಳಿ ಚುಕ್ಕೆಗಳ ಮೇಲೆ ಕಳೆದ ಎರಡು ದಿನ ಅಲ್ಲಿಗೆ ಹೋಯಿತು.

ಬಣ್ಣದ ವಿಷಯದಲ್ಲಿ ಹೇಳಲು ಬಹಳವಿದೆ. ಸ್ಕ್ವಾಡ್ರನ್ ಹುಟ್ಟಿದ 1941ರ ಬೇಸಗೆಯಲ್ಲಿ ಸ್ಪಿಟ್‌ಫೈರಿನ ಮೇಲ್ಮೈಗೆ ಕಡುಹಸಿರು ಮತ್ತು ಮಣ್ಣಿನ ಕಂದು ಬಳಿಯುತ್ತಿದ್ದರು. ತನ್ನ ನೆಲದ ಹೊಲಗಳ ಮೇಲೆ ಅಡಗುವ ಬಣ್ಣ ಅದು. ಅದೇ ಆಗಸ್ಟಿನಿಂದ ಕಂದು ಹೋಗಿ ಸಮುದ್ರದ ಬೂದು ಬಂದಿತು, ಏಕೆಂದರೆ ಅಷ್ಟರಲ್ಲಿ ಕಾಳಗ ಕಡಲುಗಾಲುವೆಯಾಚೆಗೆ ಸಾಗಿತ್ತು. ತನ್ನನ್ನು ಕಾಯುವ ವಿಮಾನ ಇನ್ನೊಬ್ಬರ ಮೇಲೆ ಎರಗುವ ವಿಮಾನವಾದದ್ದು ಹೀಗೆ ಬಣ್ಣದಲ್ಲಿಯೇ ಬರೆದಿದೆ. ನಾನು ಬೂದನ್ನೇ ಆರಿಸಿಕೊಂಡೆ. ಕೆಲಸ ನಡೆದದ್ದು ಜುಲೈ ತಿಂಗಳಲ್ಲಿ. ತರೀಕೆರೆಯ ತಂಗಿಯ ಮನೆಗೆ ಹೋಗುವಾಗ ಅದನ್ನೂ ಒಯ್ದಿದ್ದೆ. ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆದು ಒಂದು ಅಜ್ಜಂಪುರದ ಕರಿನೆಲಕ್ಕೂ ಇನ್ನೊಂದು ತರೀಕೆರೆಯ ತೋಟಗಳಿಗೂ ಹೋಗುತ್ತದೆ. ಇಪ್ಪತ್ತು ಮೈಲಿಯಲ್ಲಿ ಗಾಳಿಯೇ ಬೇರೆ. ಅಡಕೆಗೆ ಕೊಳೆರೋಗ ತರುವ ಆ ಮಳೆಗೆ ನನ್ನ ಬಣ್ಣ ಮೂರು ದಿನವಾದರೂ ಒಣಗಲಿಲ್ಲ. ತಂಗಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕಕ್ಕೆ ಇಟ್ಟಳು. ಬ್ರಿಟಿಷ್ ವಾಯುಪಡೆಗೆ ಅಂಥ ಹೊಗೆ ಎಂದೂ ತಗಲಿರಲಾರದು.

ಅಲ್ಲಿಯೇ ತಂಟೆ ಹತ್ತಿದ್ದು. ತಂಗಿಯ ಮಗ ಪ್ರೌಢಶಾಲೆಯಲ್ಲಿ ಓದುವವನು, ಎಲ್ಲವನ್ನೂ ಕೇಳುತ್ತಾನೆ.

"ಮಾವ, ಇದನ್ನು ನಮ್ಮವರು ಮಾಡಿದರೇ?"

ಇಲ್ಲವೆಂದೆ. ಆದರೆ ಅದೇ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದುದನ್ನೂ, ಅಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ 1942ರ ಜುಲೈ 31ರಂದು ಹಾರಿದುದನ್ನೂ ಹೇಳಿದೆ.

"ಹಾಗಾದರೆ ಇದರಲ್ಲಿ ನಮ್ಮದು ಏನಿದೆ?"

ದುಡ್ಡು, ಹೆಸರು ಎಂದೆ. ಪೆಟ್ಟಿಗೆಯಲ್ಲಿ ಬಂದ ಅಂಟುಚಿತ್ರಗಳು ಬೇರೆ ಸ್ಕ್ವಾಡ್ರನ್ನಿನವು. ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವಂಥವು. ಅವುಗಳಲ್ಲಿ ವೃತ್ತಾಕಾರದ ಗುರುತುಗಳನ್ನು ಮಾತ್ರ ಬಳಸಿದೆ. ಮೈಸೂರು ಸ್ಕ್ವಾಡ್ರನ್ನಿನ ಸಂಕೇತಾಕ್ಷರ ಡಿ.ವಿ.; ಅವೆರಡನ್ನು ಕಾಗದದ ಟೇಪಿನಲ್ಲಿ ಕೊರೆದು, ಹಸಿರು ಬೆರೆತ ತಿಳಿಬೂದು ಬಣ್ಣದಲ್ಲಿ ನಾನೇ ಬರೆದೆ. ಹುಡುಗನಿಗೆ ಅಷ್ಟು ಸಾಲದು. "ಗಂಡಭೇರುಂಡ ಎಲ್ಲಿ? ಮೂತಿಯ ಮೇಲೆ ಬರೆಯೋಣ, ಎಲ್ಲರಿಗೂ ಗೊತ್ತಾಗುತ್ತದೆ."

ಆಸೆ ನನಗೂ ಇತ್ತು. ಆದರೆ ಯುದ್ಧಕಾಲದ ಚಿತ್ರಗಳಲ್ಲಿ ಸ್ಪಿಟ್‌ಫೈರಿನ ಮೈಮೇಲೆ ಎದ್ದು ಕಾಣುವುದು ಅಕ್ಷರಗಳೇ ಹೊರತು ಲಾಂಛನಗಳಲ್ಲ. ನಮ್ಮ ಹೆಮ್ಮೆಗೆಂದು ಒಂದು ಹಕ್ಕಿಯನ್ನು ಕೂರಿಸಿಬಿಟ್ಟರೆ ಅದು ಪ್ರತಿಕೃತಿಯಲ್ಲ, ಆಸೆ. ಅದಲ್ಲದೆ ಇನ್ನೊಂದು ಮಾತು ನನ್ನನ್ನು ತಡೆಯಿತು. ಗಂಡಭೇರುಂಡ ಬಹು ಹಳೆಯ ಹಕ್ಕಿ. ಮೈಸೂರರಸರಿಗಿಂತ ಎಷ್ಟೋ ಮೊದಲು, 1047ರಲ್ಲಿ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಚಾಮುಂಡರಾಯನು ಅದಕ್ಕಾಗಿ ಎತ್ತರದ ಕಂಬ ನಿಲ್ಲಿಸಿದ್ದ. ಅಲ್ಲಿಯದು ಮನುಷ್ಯದೇಹ, ಎರಡು ಹಕ್ಕಿತಲೆ. 1942ರ ಆಗಸ್ಟ್ 19ರಂದು ಫ್ರಾನ್ಸಿನ ಡಿಯೆಪ್ ದಾಳಿಯಲ್ಲಿ ಮೈಸೂರು ಸ್ಕ್ವಾಡ್ರನ್ನಿನ ಸ್ಪಿಟ್‌ಫೈರುಗಳು ಕಾದಿದವು. ಮರುತಿಂಗಳು ಅದೇ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಅವರನ್ನು ದಂಡಿಸಿದ ಸರ್ಕಾರದ ಮುದ್ರೆಯೂ ಗಂಡಭೇರುಂಡವೇ. ನ್ಯಾಯ ಕಾಯುವೆನೆಂಬ ಹಕ್ಕಿಯ ಒಂದು ತಲೆ ಕಡಲಾಚೆ ನಾಜಿಗಳ ಕಡೆಗೂ ಇನ್ನೊಂದು ತಲೆ ಈಸೂರಿನ ಕಡೆಗೂ ತಿರುಗಿತ್ತೆಂದು ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

"ಹಾಗಾದರೆ ನಮ್ಮ ಮುತ್ತಜ್ಜ ಹಣ ಎತ್ತಿದ್ದು ತಪ್ಪೇ?"

ನಾಜಿಗಳನ್ನು ತಡೆಯಬೇಕಾಗಿತ್ತು, ಎಂದೆ. ಕೇಳದೆ ಕೊಡದವರ ಹತ್ತಿರ ಕೇಳಿ ತೆಗೆದುಕೊಂಡದ್ದೂ ನಿಜ, ಎಂದೆ. ಎರಡೂ ಮಾತು ಒಟ್ಟಿಗೆ ಹೇಳಿದಾಗ ಉತ್ತರವಾಗಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು.

ಸ್ಕ್ವಾಡ್ರನ್ನಿನ ಉಳಿದ ಕಥೆ ಚಿಕ್ಕದು. 1944ರಲ್ಲಿ ಅದಕ್ಕೆ ಮಸ್ಟಾಂಗ್ ವಿಮಾನಗಳು ಬಂದವು. ಲಂಡನ್ನಿನತ್ತ ಬರುತ್ತಿದ್ದ ಚಾಲಕರಹಿತ ಹಾರುಬಾಂಬುಗಳನ್ನು ಅವು ನಡುದಾರಿಯಲ್ಲೇ ಹೊಡೆದುರುಳಿಸಿದವು. ಯುದ್ಧ ಮುಗಿದಾಗ ಕೆಲಕಾಲ ನಾರ್ವೆಯಲ್ಲಿತ್ತು. 1946ರ ಸೆಪ್ಟೆಂಬರ್ 1ರಂದು ಅದರ ಸಂಖ್ಯೆಯನ್ನು 257 ಎಂದು ಬದಲಿಸಿದರು. ಮೈಸೂರಿನ ಹೆಸರೂ ಅದರೊಡನೆ ಅಳಿಸಿತು.

ಹಕ್ಕಿಯನ್ನು ವಿಮಾನದ ಮೇಲೆ ಬರೆಯುವುದು ಬೇಡ, ಪೀಠದ ಮೇಲೆ ಬರೆ ಎಂದು ಕೊನೆಗೆ ಒಪ್ಪಂದವಾಯಿತು. ತೋಟದ ಮೂಲೆಯಲ್ಲಿ ಬಿದ್ದಿದ್ದ ಹಲಸಿನ ಹಲಗೆಯ ತುಂಡನ್ನು ಉಜ್ಜಿ, ಅದರ ಮೇಲೆ ಅವನು ಮೂರು ಸಂಜೆ ಕುಳಿತು ಕೆಂಪುಬಣ್ಣದಲ್ಲಿ ಬಿಡಿಸಿದ. ಕಳೆದ ತಿಂಗಳು ಅದನ್ನು ಹತ್ತಿ ಸುತ್ತಿ ಅಜ್ಜಂಪುರಕ್ಕೆ ಕೊಂಡೊಯ್ದು, ಹಳ್ಳಿಯ ಹಳೆಯ ಮನೆಯ ಜಗಲಿಯ ಮೇಲೆ ಒಂದು ಮಧ್ಯಾಹ್ನ ಇಟ್ಟುಕೊಂಡು ಕುಳಿತಿದ್ದೆವು. ಆ ಮುದುಕಿಯ ಮನೆತನದವರು ಈಗ ಊರಲ್ಲಿಲ್ಲ. ಬೇರೆ ನಾಲ್ಕಾರು ಜನ ಬಂದು ನೋಡಿದರು. ಇಬ್ಬರು ಬೆಲೆ ಕೇಳಿದರು. ಒಬ್ಬ ಹೆಂಗಸು ಸೊಂಟದ ಮಗುವಿಗೆ "ಇಮಾನ ನೋಡು, ಇಮಾನ" ಎಂದು ತೋರಿಸಿ, ಮಗು ಕೈಚಾಚಿದಾಗ ಹಿಂದಕ್ಕೆ ಸರಿದಳು.

ಈಗ ಅದು ಕಡೂರಿನ ನನ್ನ ಮೇಜಿನ ಮೇಲಿದೆ. ಮುಚ್ಚಳ ಇನ್ನೂ ಮಂಜುಮಂಜಾಗಿದೆ. ಪೀಠದ ಹಕ್ಕಿಯ ಬಲದ ತಲೆ ಎಡದ್ದಕ್ಕಿಂತ ಸ್ವಲ್ಪ ದೊಡ್ಡದಾಗಿದೆ. ಹುಡುಗ ತಿದ್ದುತ್ತೇನೆಂದು ಪ್ರತಿ ಸಲವೂ ಕುಂಚ ಎತ್ತುತ್ತಾನೆ, ನಾನು ಬೇಡವೆನ್ನುತ್ತೇನೆ.